ಹದಿನಾಲ್ಕನೆಯ ಹಂದಿಯ ರಕ್ತ

ಸೆಪ್ಟೆಂಬರ್ ಹನ್ನೊಂದು, ಗುರುವಾರ, ಬೆಳಿಗ್ಗೆ ಹತ್ತು ನಲವತ್ತು. ನಂದವರಂ ಪೊಲೀಸ್ ಠಾಣೆಗೆ ದೂರು ಬಂದಾಗ ಸಬ್ ಇನ್ಸ್‌ಪೆಕ್ಟರ್ ಸಿದ್ದಬಸಪ್ಪ ಬೂಟು ಬಿಚ್ಚಿ, ಎರಡೂ ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ ಕೂತಿದ್ದ. ಯಾರೋ ಮಂತ್ರಿ ಬರುತ್ತಾರೆಂದು ಆದೋನಿಯ ಬಂದೋಬಸ್ತಿನಲ್ಲಿ ಮೂರು ದಿನ ನಿಂತೇ ಕಳೆದಿದ್ದ ಕಾಲುಗಳು ಅವು. ಮಂತ್ರಿ ಬರಲೇ ಇಲ್ಲ. ಪಾದಗಳು ಮಾತ್ರ ಊದಿಕೊಂಡು ಬೂಟಿಗೆ ಹಿಡಿಯದಂತಾಗಿದ್ದವು.

"ಸರ್, ಹಂದಿ ಅರಮನಿಯಿಂದ ಡಾಕ್ಟರಮ್ಮ ಬಂದಾರ" ಎಂದ ಕಾನ್‌ಸ್ಟೆಬಲ್ ಪಕೀರಪ್ಪ. ಹಲ್ಲು ಕಿಸಿಯದಿರಲು ಅವನು ಪಡುತ್ತಿದ್ದ ಕಷ್ಟ ಎದ್ದು ಕಾಣುತ್ತಿತ್ತು.

ಹಂದಿ ಅರಮನೆ ಎಂದರೆ ಎಮ್ಮಿಗನೂರು ರಸ್ತೆಯಲ್ಲಿ ಎರಡಾಳೆತ್ತರದ ಗೋಡೆ ಕಟ್ಟಿಕೊಂಡಿರುವ ಸಂಶೋಧನಾ ಕೇಂದ್ರ. ಅಲ್ಲಿಯ ಹಂದಿಗಳಿಗೆ ಏಸಿ ಇದೆ, ಸೋಸಿದ ಗಾಳಿ ಇದೆ, ಕುದಿಸಿದ ನೀರಿದೆ. ಇಷ್ಟು ಸಾಕಾಗಿತ್ತು, ಊರಿನವರು ಹೆಸರಿಟ್ಟುಬಿಟ್ಟಿದ್ದರು.

"ಹಂದಿ ಕಳುವಾತೇನು?" ಎನ್ನುತ್ತ ಸಿದ್ದಬಸಪ್ಪ ಕಾಲು ಕೆಳಗಿಳಿಸಿದ.

"ಲಿಂಗ ಕಟ್ಟಿದವರ ಸ್ಟೇಷನ್ನಿಗೆ ಹಂದಿ ಕೇಸು. ನಿಮ್ಮ ನಸೀಬು ನೋಡ್ರಿ ಸರ್."

"ನಿನ್ನ ಬಾಯಿ ಮುಚ್ಚು. ಕುರ್ಚಿ ಹಾಕು."

ಡಾಕ್ಟರ್ ಅಶ್ವಿನಿ ಕೇಂದ್ರದ ಜೈವಿಕ ಸುರಕ್ಷತಾ ಅಧಿಕಾರಿ. ಗುಂಟೂರಿನ ಕಡೆಯವಳು, ಬಂದು ಎರಡು ವರ್ಷ. ಕನ್ನಡ ಬಾರದು. ತೆಲುಗಿನಲ್ಲಿ ನಿಧಾನವಾಗಿ, ಪಾಠ ಹೇಳುವವಳಂತೆ ಹೇಳಿದಳು. ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು.

ಅಲ್ಲಿ ಬೆಳೆಸುವ ಹಂದಿಯ ಮೂತ್ರಪಿಂಡವನ್ನು ಮನುಷ್ಯರಿಗೆ ಜೋಡಿಸುತ್ತಾರೆ. ಇನ್ನೂ ಪ್ರಯೋಗದ ಹಂತ. ಜೋಡಿಸುವ ಕೆಲಸ ಹೈದರಾಬಾದಿನ ಆಸ್ಪತ್ರೆಯದು. ಹಂದಿಯೊಳಗಿನ ವೈರಸ್ಸು ಅಂಗದ ಜೊತೆ ಮನುಷ್ಯನೊಳಗೆ ಹೋಗದಂತೆ ತಡೆಯುವ ಕೆಲಸ ಇವಳದು. ಹಂದಿಯ ಮೈಯಲ್ಲಿ ಸದ್ದಿಲ್ಲದೆ ಮಲಗಿರುವ ವೈರಸ್ಸು ರೋಗಿಯ ಮೈ ಸೇರಿದರೆ ಎದ್ದು ಕೂರುತ್ತದೆ. ರೋಗಿಗೆ ತಡೆಯುವ ಶಕ್ತಿ ಇರುವುದಿಲ್ಲ, ಅದನ್ನು ಔಷಧ ಕೊಟ್ಟು ಇಳಿಸಿರುತ್ತಾರೆ. ಆಮೇಲೆ ಅದು ಮನೆಯವರಿಗೆ ಹಬ್ಬಿದರೆ, ಊರಿಗೆ ಹಬ್ಬಿದರೆ ಏನು ಗತಿ ಎಂದು ಹೇಳಬಲ್ಲವರು ಯಾರೂ ಇಲ್ಲ. ಅದಕ್ಕೇ ಮರಿಗಳನ್ನು ತಾಯಿಯ ಹೊಟ್ಟೆ ಕೊಯ್ದು ತೆಗೆಯುತ್ತಾರೆ. ತಾಯಿಯ ಹತ್ತಿರ ಒಂದು ಗಳಿಗೆಯೂ ಬಿಡುವುದಿಲ್ಲ. ಒಂದೊಂದು ಮರಿಗೂ ಒಂದೊಂದು ಗಾಜಿನ ಕೋಣೆ, ಬಾಟಲಿ ಹಾಲು, ತಿಂಗಳಿಗೊಮ್ಮೆ ರಕ್ತಪರೀಕ್ಷೆ.

"ಈ ತಂಡದಲ್ಲಿ ಕೊನೆಗೆ ಉಳಿದಿದ್ದು ಎರಡೇ. ಒಂಬತ್ತು ಮತ್ತು ಹದಿನಾಲ್ಕು. ಬರುವ ಸೋಮವಾರ ಹದಿನಾಲ್ಕರ ಮೂತ್ರಪಿಂಡ ಒಬ್ಬ ಹೆಣ್ಣುಮಗಳಿಗೆ ಹೋಗಬೇಕು. ಕಳಿಸುವ ಮೊದಲು ಕಿವಿಯ ಚೂರು ತೆಗೆದು ಡಿಎನ್‌ಎ ಗುರುತು ಪರೀಕ್ಷೆ ಮಾಡಿಸಿದೆ. ಹದಿನಾಲ್ಕರದು ಅಂತ ಹತ್ತು ತಿಂಗಳಿಂದ ಕಳಿಸಿದ ರಕ್ತ ಹದಿನಾಲ್ಕರದಲ್ಲ. ಒಂಬತ್ತರದು."

"ಒಂದೇ ಹಂದಿಯ ರಕ್ತ, ಎರಡು ಹೆಸರು?"

"ಹೌದು. ಹದಿನಾಲ್ಕರ ನಿಜವಾದ ರಕ್ತವನ್ನು ಹುಟ್ಟಿದಾಗಿನಿಂದ ಯಾರೂ ನೋಡಿಲ್ಲ."

ಸಿದ್ದಬಸಪ್ಪನಿಗೆ ಇದರಲ್ಲಿ ತೊಡಕೇನೂ ಕಾಣಲಿಲ್ಲ. "ಹದಿನಾಲ್ಕು ಬೇಡ, ಒಂಬತ್ತು ಕೊಡಿ. ಮುಗೀತಲ್ಲ?"

"ಅಷ್ಟು ಸುಲಭವಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ. ಹದಿನಾಲ್ಕರಲ್ಲಿ ಏನನ್ನೋ ಮುಚ್ಚಿಟ್ಟಿದ್ದಾರೆ. ಅದು ಏನು, ಒಂಬತ್ತಕ್ಕೂ ಅದೇ ಆಗಿದೆಯೇ ಅನ್ನುವುದು ಗೊತ್ತಾಗಬೇಕು. ಈ ವೈರಸ್ಸು ಕೆಲವು ಸಲ ಪರೀಕ್ಷೆಗೂ ಸಿಗದೆ ಅಡಗಿರುತ್ತದೆ, ಬರೀ ರಕ್ತ ನಂಬುವಂತಿಲ್ಲ. ಶನಿವಾರ ಸಂಜೆ ಐದಕ್ಕೆ ಸಮಿತಿ ಕೂರುತ್ತದೆ. ಅಷ್ಟರೊಳಗೆ ನಾನು ಉತ್ತರ ಕೊಡದಿದ್ದರೆ ನಿಯಮದ ಪ್ರಕಾರ ಎರಡೂ ಹಂದಿ ಹೋದವು. ಮುಂದಿನ ತಂಡಕ್ಕೆ ಇನ್ನೂ ಹತ್ತು ತಿಂಗಳು."

"ಆ ಹೆಣ್ಣುಮಗಳು ಹತ್ತು ತಿಂಗಳು ಕಾಯಲಿಕ್ಕಾಗೋದಿಲ್ಲವಾ?"

"ಡಯಾಲಿಸಿಸ್ ಸೂಜಿ ಚುಚ್ಚಲು ಆಕೆಯ ಮೈಯಲ್ಲಿ ಒಂದೇ ಜಾಗ ಉಳಿದಿದೆಯಂತೆ. ಹೆಸರು ನನಗೂ ಗೊತ್ತಿಲ್ಲ. ನಮಗೆ ಆಕೆ ಬರೀ ಎರಡನೇ ರೋಗಿ."

ಯಾವ ಸೆಕ್ಷನ್ ಹಾಕುವುದೆಂದು ತಲೆ ಚಿಟ್ಟು ಹಿಡಿಯಿತು. ಕೊನೆಗೆ ಭಾರತೀಯ ನ್ಯಾಯ ಸಂಹಿತೆಯ 271 ಮತ್ತು 272, ಅಂದರೆ ಜೀವಕ್ಕೆ ಅಪಾಯವಾಗುವ ಸೋಂಕು ಹರಡುವ ಕೃತ್ಯ, ಜೊತೆಗೆ ಸುಳ್ಳು ದಾಖಲೆಗೆ 336. ಮಧ್ಯಾಹ್ನ ಹನ್ನೆರಡೂ ಕಾಲಿಗೆ ಎಫ್‌ಐಆರ್ ಆಯಿತು. ಆರೋಪಿಯ ಕಾಲಂನಲ್ಲಿ 'ಅಪರಿಚಿತ' ಎಂದು ಬರೆದು ಸಿದ್ದಬಸಪ್ಪ ಮತ್ತೆ ಬೂಟಿನೊಳಗೆ ಕಾಲು ತುರುಕಿದ.

ಎರಡೂವರೆಗೆ ಕೇಂದ್ರದ ಗೇಟಿನಲ್ಲೇ ತನಿಖೆ ನಿಂತಿತು. ಕಾವಲುಗಾರ ಒಂದು ಫಾರಂ ಮುಂದೆ ಹಿಡಿದ.

"ನಲವತ್ತೆಂಟು ತಾಸಿನಾಗ ಹೊರಗಿನ ಹಂದಿ ಹತ್ರ ಹೋಗಿದ್ರೇನ್ರಿ?"

ಪಕೀರಪ್ಪ ಯೋಚಿಸಿದ. "ಬೆಳಿಗ್ಗೆ ಬಸ್‌ಸ್ಟ್ಯಾಂಡಿನಾಗ ನಾಕು ಸಿಕ್ವು. ನಾನಾಗೇ ಮಾತಾಡ್ಸಲಿಲ್ಲ, ಅವೇ ಬಂದು ಮೈ ತಿಕ್ಕಿದ್ವು."

"ಒಳಗ ಬಿಡಾಂಗಿಲ್ರಿ."

ಸಿದ್ದಬಸಪ್ಪನಿಗೂ ಅದೇ ಗತಿ. ಆದೋನಿಯ ಚರಂಡಿ ಪಕ್ಕದಲ್ಲಿ ಮೂರು ದಿನ ನಿಂತವನು ಹಂದಿ ಕಂಡಿಲ್ಲ ಎಂದು ಸಹಿ ಹಾಕಿದರೆ ಅದೇ ಇನ್ನೊಂದು ಸುಳ್ಳು ದಾಖಲೆ. ಹೆಡ್ ಕಾನ್‌ಸ್ಟೆಬಲ್ ಹೇಮಾವತಿಯೊಬ್ಬಳೇ ಪಾರಾದಳು. ಆಕೆ ಎರಡು ದಿನ ಕರ್ನೂಲಿನ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಕಾದು ಬಂದಿದ್ದಳು.

"ಕೋರ್ಟಿನಾಗ ಹಂದಿ ಇರಾಂಗಿಲ್ರಿ" ಎಂದಳು ಹೇಮಾವತಿ.

"ಖರೇನಾ ಅಕ್ಕಾ?" ಎಂದ ಪಕೀರಪ್ಪ.

ಒಳಗೆ ಹೋಗಬೇಕಾದರೆ ತಲೆ ತೊಳೆದು ಸ್ನಾನ ಮಾಡಿ, ಉಂಗುರ ಕರಿಮಣಿ ಎಲ್ಲ ತೆಗೆದಿಟ್ಟು, ಅವರು ಕೊಟ್ಟ ಬಟ್ಟೆ ಹಾಕಿಕೊಳ್ಳಬೇಕು. ಹೇಮಾವತಿ ಗೊಣಗುತ್ತಲೇ ಹೋದಳು. ಕೊರಳಿನ ಲಿಂಗ ತೆಗೆಯಿರಿ ಎಂದು ಯಾರೂ ತನಗೆ ಹೇಳುವ ಪ್ರಸಂಗ ಬರಲಿಲ್ಲವಲ್ಲ ಎಂದು ಸಿದ್ದಬಸಪ್ಪ ಒಳಗೊಳಗೇ ಸಮಾಧಾನಪಟ್ಟ. ಉಳಿದವರಿಗೆ ಹೊರಗಿನ ಕಚೇರಿ, ನಡುವೆ ಗಾಜಿನ ಗೋಡೆ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಗಾಜಿನ ಈಚೆ ಕೂತು ಪಂಚನಾಮೆ ಮಾಡಿದ್ದು ಇದೇ ಮೊದಲು. ಆಚೆ ಹೇಮಾವತಿ ಒಂದೊಂದೇ ವಸ್ತುವನ್ನು ಎತ್ತಿ ಗಾಜಿಗೆ ಹಿಡಿಯುವುದು, ಈಚೆ ಇಬ್ಬರು ಪಂಚರು ನೋಡಿ ತಲೆಯಾಡಿಸುವುದು, ಪಕೀರಪ್ಪ ಬರೆಯುವುದು. ಹಾಲಿನ ಬಾಟಲಿ ನಲವತ್ತು. ರಬ್ಬರ್ ತೊಟ್ಟು ಎಂಬತ್ತು. ಸಿರಿಂಜಿನ ಪೆಟ್ಟಿಗೆ ಆರು. ಬೇರೆ ಪಾತ್ರೆ ಪಗಡೆ ಏನೂ ಇಲ್ಲ.

ಒಂಬತ್ತು ಮತ್ತು ಹದಿನಾಲ್ಕರ ಹೊಸ ರಕ್ತವನ್ನು ಅಶ್ವಿನಿ ತಾನೇ ತೆಗೆದಳು. ಹೇಮಾವತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಅರಗಿನ ಮುದ್ರೆ ಬಿದ್ದ ಪೆಟ್ಟಿಗೆ ಐದೂ ಹತ್ತಕ್ಕೆ ಹೈದರಾಬಾದಿಗೆ ಹೊರಟಿತು.

ತಿಂಗಳ ರಕ್ತ ತೆಗೆಯುವವರು ಇಬ್ಬರು ತಂತ್ರಜ್ಞರು, ವಾಗೀಶ್ ಮತ್ತು ಗೋವಿಂದ. ಒಬ್ಬ ರಕ್ತ ತೆಗೆದರೆ ಇನ್ನೊಬ್ಬ ಚೀಟಿ ಅಂಟಿಸುತ್ತಾನೆ. ಯಾವ ದಿನ ಯಾರದು ಯಾವ ಕೆಲಸ ಎಂದು ಎಲ್ಲೂ ಬರೆದಿಟ್ಟಿಲ್ಲ. ಪಟ್ಟಿಯ ಕೆಳಗೆ ಇಬ್ಬರದೂ ಸಹಿ.

ವಾಗೀಶ್ ಆದೋನಿಯ ಹತ್ತಿ ವ್ಯಾಪಾರಿಗಳ ಮನೆಯ ಹುಡುಗ. ಬಂದವನೇ ಸಿಡುಕಿದ. "ನನ್ನ ಯಾಕ ಕೇಳ್ತೀರಿ? ಹಂದಿ ಕಡೆ ಕೆಲಸಕ್ಕ ಹೊಂಟೆ ಅಂತ ಮನಿಯಾಗ ನನ್ನ ತಾಟೇ ಬ್ಯಾರೆ ಇಟ್ಟಾರ. ಇಷ್ಟು ಅನ್ನಿಸ್ಕೊಂಡು ಇಲ್ಲಿ ಬಂದು ಮೋಸ ಮಾಡ್ಲೇನು?"

"ಚೀಟಿ ಹಚ್ಚೋರು ಯಾರು?"

"ಒಮ್ಮೆ ನಾನು, ಒಮ್ಮೆ ಅವ."

ಗೋವಿಂದ ಮದ್ದಿಕೇರದವನು, ಇಪ್ಪತ್ತೊಂಬತ್ತು ವರ್ಷ. ಸಿಡುಕಲಿಲ್ಲ. ಕೇಳಿದ್ದಕ್ಕೆಲ್ಲ "ಗೊತ್ತಿಲ್ರಿ" ಎಂದ. ನೆಲ ನೋಡುತ್ತಿದ್ದ. ಅವನೂ ತನ್ನ ಹಾಗೆ ದಣಿದಿದ್ದಾನೆ ಎಂದಷ್ಟೇ ಸಿದ್ದಬಸಪ್ಪನಿಗೆ ಅನ್ನಿಸಿತು. ದಣಿದವರ ಮೇಲೆ ಅವನಿಗೆ ಬೇಗ ಅನುಮಾನ ಬರುತ್ತಿರಲಿಲ್ಲ. ಅದು ಅವನ ಹಳೆಯ ದೋಷ.

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಠಾಣೆಯಲ್ಲಿ ಕೇಂದ್ರದ ದಿನವಹಿ ಪುಸ್ತಕಗಳನ್ನು ಹರಡಿಕೊಂಡು ಕೂತ. ಹಂದಿ ಎಷ್ಟು ತಿಂದಿತು, ಎಷ್ಟು ಹೇತಿತು, ಎಲ್ಲಕ್ಕೂ ದಾಖಲೆ. ಅಷ್ಟೂ ತೆಲುಗಿನಲ್ಲಿ. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಕಲಿತ ಅವನಿಗೆ ಓದಲು ತೊಂದರೆಯಿಲ್ಲ, ಕಣ್ಣು ಮಾತ್ರ ಎಳೆಯುತ್ತಿತ್ತು. ಎರಡು ಲೋಟ ಚಹಾ ಮುಗಿದ ಮೇಲೆ, ನವೆಂಬರ್ ಇಪ್ಪತ್ತೆರಡರ ಪುಟದಲ್ಲಿ, ಅಂದರೆ ಮರಿಗಳು ಹುಟ್ಟಿದ ದಿನದ ಪುಟದಲ್ಲಿ, ಬೆರಳು ನಿಂತಿತು. ಹದಿನಾಲ್ಕನೆಯ ಮರಿಯ ಎದುರು ಒಂದು ಸಾಲು ಹೆಚ್ಚಿಗೆ ಇತ್ತು. 'ಶಂಕರಮ್ಮ ಗಿನ್ನೆತೋ ಇಚ್ಚಿಂದಿ.' ಶಂಕರಮ್ಮ ಗಿನ್ನೆಯಲ್ಲಿ ಕೊಟ್ಟಳು.

ಗಿನ್ನೆ ಎಂದರೆ ಬಟ್ಟಲು. ನಿನ್ನೆಯ ಪಂಚನಾಮೆಯನ್ನು ತೆಗೆದು ನೋಡಿದ. ಬಾಟಲಿ ನಲವತ್ತು, ತೊಟ್ಟು ಎಂಬತ್ತು. ಬಟ್ಟಲು ಒಂದೂ ಇಲ್ಲ.

"ಹೇಮಾವತಿ, ಒಳಗ ಬಟ್ಟಲ ಕಂಡ್ಯೇನು?"

"ಇಲ್ರಿ ಸರ್. ಬಟ್ಟಲ, ತಾಟು, ಚಮಚ ಏನೂ ಒಳಗ ಬಿಡಾಂಗಿಲ್ಲಂತ. ನನ್ನ ಹೇರ್‌ಪಿನ್ನೂ ಬಿಡಲಿಲ್ಲ."

"ಮತ್ತ ಈಕಿಗೆ ಎಲ್ಲಿಂದ ಬಂತು?"

ಹತ್ತೂವರೆಗೆ ಕೇಂದ್ರದ ಕಚೇರಿಯಲ್ಲಿ, ಗಾಜಿನ ಈಚೆ, ಶಂಕರಮ್ಮ ಬಂದು ನಿಂತಳು. ಐವತ್ತರ ಹೆಂಗಸು. ಕೊಯ್ದು ತೆಗೆದ ಮರಿಗಳನ್ನು ಒರೆಸಿ ಗಾಜಿನ ಕೋಣೆಗೆ ಸಾಗಿಸುವುದು ಅವಳ ಕೆಲಸ. ಕೂರು ಎಂದರೂ ಕೂರಲಿಲ್ಲ. ಅಶ್ವಿನಿ ಪಕ್ಕದಲ್ಲಿದ್ದಳು.

"ಮರಿ ಹುಟ್ಟಿದ ದಿನ ನೆನಪೈತೇನಮ್ಮ?"

"ಐತ್ರಿ. ಆರು ಮರಿ ತೆಗೆದ್ರು, ಒಂಬತ್ತರಿಂದ ಹದಿನಾಲ್ಕು."

"ಹದಿನಾಲ್ಕನೇದಕ್ಕ ಗಿನ್ನೆ ಯಾಕ ತಗೊಂಡು ಹೋದಿ?"

"ಗಿನ್ನೆ? ಯಾ ಗಿನ್ನೆರಿ?"

"ಪುಸ್ತಕದಾಗ ಬರದೈತಿ. ಶಂಕರಮ್ಮ ಗಿನ್ನೆಯಾಗ ಕೊಟ್ಲು ಅಂತ."

"ಅಯ್ಯ ನನ ಶಿವನೆ! ನಾ ಗಿನ್ನೆ ಅನ್ನಲಿಲ್ರಿ ಸಾಹೇಬ್ರ. ಗಿಣ್ಣ ಅಂದೆ. ಗಿಣ್ಣ ಕೊಟ್ಟೀನಿ ಅಂತ ಡಾಕ್ಟರಮ್ಮಗ ಅವತ್ತೇ ಹೇಳೀನಿ."

ಸಿದ್ದಬಸಪ್ಪನ ಪೆನ್ನು ನಿಂತಿತು. ಹೇಮಾವತಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಏನೂ ಅರ್ಥವಾಗದೆ ಅವರಿವರ ಮುಖ ನೋಡುತ್ತಿದ್ದವಳು ಅಶ್ವಿನಿಯೊಬ್ಬಳೇ.

ಅವನು ಅವಳ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದ. "ಅವತ್ತು ಈಕೆ ನಿಮಗೆ ಏನು ಹೇಳಿದಳು?"

"ಮೈಕಿನಲ್ಲಿ ಹೇಳಿದಳು. ನಾನು ಗಾಜಿನ ಈಚೆ ಇದ್ದೆ, ಅವಳ ಬಾಯಿಗೆ ಎರಡು ಮಾಸ್ಕು. ಗಿನ್ನೆ ಅಂದಳು. ಬಟ್ಟಲು ಒಳಗೆ ತರಬಾರದು, ಬಾಟಲಿಯಲ್ಲೇ ಕೊಡು ಅಂತ ಬೈದೆ. ತಲೆ ಆಡಿಸಿದಳು."

"ಗಿನ್ನೆ ಅಲ್ಲ ಡಾಕ್ಟರಮ್ಮಾ. ಕನ್ನಡದಲ್ಲಿ ಗಿಣ್ಣ ಅಂದರೆ ನಿಮ್ಮ ಜುನ್ನು. ಜುನ್ನು ಪಾಲು. ಹೆತ್ತ ತಾಯಿಯ ಮೊದಲ ಹಾಲು."

ಅಶ್ವಿನಿ ಗೋಡೆ ಹಿಡಿದು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಹತ್ತು ತಿಂಗಳು ಗಾಳಿ ಸೋಸಿ, ನೀರು ಕುದಿಸಿ, ಬಂದವರ ಬಟ್ಟೆ ಬಿಚ್ಚಿಸಿ ಕಾದದ್ದೆಲ್ಲ ಮೊದಲ ದಿನವೇ ಒಂದು ಮಾತಿನಲ್ಲಿ ಹೊಳೆಗೆ ಹೋಗಿತ್ತು.

"ತಾಯಿಯ ಹತ್ತಿರ ಬಿಡಬೇಡ ಅಂತ ಎಷ್ಟು ಸಲ ಹೇಳಿದ್ದೆ ಇವಳಿಗೆ" ಎಂದಳು, ಅಳುವವಳಂತೆ.

ಸಿದ್ದಬಸಪ್ಪ ಅದನ್ನು ಕನ್ನಡಿಸಿದ. ಶಂಕರಮ್ಮನಿಗೆ ನಿಜಕ್ಕೂ ಬೇಜಾರಾಯಿತು. "ಬಿಡಲಿಲ್ಲಲ್ರಿ! ಮರಿ ಇಲ್ಲೇ ಇತ್ತು. ನಾನ ಹೋಗಿ, ಮೂರ್ಛಾದಾಗಿದ್ದ ತಾಯಿ ಮೊಲಿ ಅಂಗೈಯಾಗ ಹಿಂಡ್ಕೊಂಡು ಬಂದು ಇದರ ಬಾಯಿಗೆ ಹಚ್ಚಿದೆ. ಇದೊಂದು ಉಸಿರೇ ಆಡ್ತಿರಲಿಲ್ರಿ. ಹೆಬ್ಬೆರಳಷ್ಟಿತ್ತು. ಗಿಣ್ಣ ಹತ್ತಿದ ಮ್ಯಾಲ ಕಣ್ ಬಿಡ್ತು."

"ಉಳಿದ ಐದಕ್ಕ?"

"ಅವು ಗಟ್ಟಿ ಇದ್ವು. ಅವಕ್ಕ್ಯಾಕ?"

"ಒಂಬತ್ತಕ್ಕ?"

"ಇಲ್ರಿ. ಒಂಬತ್ತು ಎಲ್ಲಾಕಿಂತ ಮೊದಲು ಹುಟ್ಟಿ ಒದರ್‍ಯಾಡ್ತಿತ್ತು. ಅದನ್ನ ಮೊದಲೇ ಸಾಗಿಸಿದ್ರು. ನಾ ಮುಟ್ಟೇ ಇಲ್ಲ."

ಪಕೀರಪ್ಪ ಅದನ್ನು ಎರಡು ಸಲ ಓದಿ ಹೇಳಿ ಬರೆದುಕೊಂಡ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಳ್ಳುತ್ತ ಶಂಕರಮ್ಮ ಕೇಳಿದಳು. "ಹುಟ್ಟಿದ ಕೂಸಿಗೆ ಗಿಣ್ಣ ಕೊಡೋದು ತಪ್ಪು ಅಂತ ನಂಗ ಯಾರೂ ಹೇಳಿರಲಿಲ್ರಿ. ನಂದು ತಪ್ಪೇನ್ರಿ?"

ಸಿದ್ದಬಸಪ್ಪ ಅವಳ ಹೆಬ್ಬೆಟ್ಟನ್ನು ಹಾಳೆಯ ಮೇಲೆ ಒತ್ತಿಸಿದ. ಮುಚ್ಚಿಡದೆ ಅವತ್ತೇ ಹೇಳಿದವಳು ಇವಳು. ಆಮೇಲೆ ಹತ್ತು ತಿಂಗಳು ಮುಚ್ಚಿಟ್ಟವರು ಬೇರೆ.

"ಡಾಕ್ಟರಮ್ಮಾ, ಈ ಸಾಲು ನಿಮ್ಮ ಕೈಬರಹವೇ?"

"ಅಲ್ಲ. ನಾನು ಹೇಳಿ ಬರೆಸಿದ್ದು. ಬರೆದವನು ಗೋವಿಂದ."

"ಅವಳು ಮೈಕಿನಲ್ಲಿ ಹೇಳುವಾಗ ಅವನು ಪಕ್ಕದಲ್ಲೇ ಇದ್ದನಾ?"

"ನನ್ನ ಪಕ್ಕದಲ್ಲೇ ಕೂತು ಬರೆದ."

ಗುಂಟೂರಿನವರು ಗಿಣ್ಣವನ್ನು ಗಿನ್ನೆ ಎಂದು ಕೇಳಿಸಿಕೊಂಡರೆ ಅದು ಕಿವಿಯ ತಪ್ಪು. ಮದ್ದಿಕೇರದಲ್ಲಿ ಎಮ್ಮೆ ಕರು ಹಾಕಿದಾಗಲೆಲ್ಲ ಓಣಿಯ ಮನೆಮನೆಗೆ ಗಿಣ್ಣ ಹಂಚಿ ಬೆಳೆದ ಹುಡುಗ ಅದನ್ನು ಗಿನ್ನೆ ಎಂದು ಬರೆದರೆ ಅದು ತಪ್ಪಲ್ಲ.

"ಎಲ್ಲಿ ಅವನು?"

"ಇವತ್ತು ಶುಕ್ರವಾರ. ಅರ್ಧ ದಿನ ರಜೆ. ಸೋಮವಾರ, ಬುಧವಾರ, ಶುಕ್ರವಾರ ಅವನು ವಾಗೀಶನ ಜೊತೆ ಪಾಳಿ ಬದಲಿಸಿಕೊಳ್ಳುತ್ತಾನೆ."

ವಾಗೀಶ್ ಬಾಗಿಲಲ್ಲೇ ನಿಂತಿದ್ದ. ಅವನ ಸಿಡುಕೆಲ್ಲ ಇಳಿದುಹೋಗಿತ್ತು. "ಆದೋನಿಗೆ ಹೋಗ್ತಾನ್ರಿ. ಅವರಕ್ಕಗ ಡಯಾಲಿಸಿಸ್ ಐತಿ. ಪಾಪ, ವಾರಕ್ಕ ಮೂರು ಸಲ."

ಅಶ್ವಿನಿ ತಲೆಯೆತ್ತಿದಳು. ಸಿದ್ದಬಸಪ್ಪ ಪುಸ್ತಕ ಮಡಚಿ ಜೀಪಿನ ಕಡೆ ನಡೆದ.

ಆದೋನಿಯ ಆ ಡಯಾಲಿಸಿಸ್ ಕೇಂದ್ರ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಂದೂ ನಲವತ್ತಕ್ಕೆ ಸಿದ್ದಬಸಪ್ಪ ಮೆಟ್ಟಿಲು ಹತ್ತಿದ. ಮೂವತ್ತೆರಡು ಮೆಟ್ಟಿಲು. ಮೇಲೆ ಬಂದು ಕಂಬ ಹಿಡಿದು ನಿಂತವನಿಗೆ ಇಲ್ಲಿಗೆ ರೋಗಿಗಳು ಹೇಗೆ ಹತ್ತುತ್ತಾರೆ ಎನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಅವತ್ತಿನ ಪುಸ್ತಕದಲ್ಲಿ ರೋಗಿ: ಮಹೇಶ್ವರಿ, 38, ಎಮ್ಮಿಗನೂರು. ಜೊತೆಗೆ ಬಂದವರು: ಗೋವಿಂದ, ತಮ್ಮ.

ಕಿಟಕಿ ಪಕ್ಕದ ಮಂಚದಲ್ಲಿ ಆಕೆ ಮಲಗಿದ್ದಳು. ಸೂಜಿ ಚುಚ್ಚಿದ್ದು ಕೈಗಲ್ಲ, ತೊಡೆಗೆ. ತಮ್ಮ ಇಡ್ಲಿ ತರಲು ಕೆಳಗೆ ಹೋಗಿದ್ದ.

"ಪೊಲೀಸ್ರು ಬಂದ್ರಲ್ಲಪ್ಪ! ಮಷೀನ್ ಕದ್ದಿಲ್ರಿ ನಾನು, ಅದ ನನ್ನ ಕಟ್ಟಿ ಹಾಕೇತಿ" ಎಂದು ನಕ್ಕಳು.

ಯಾವುದೋ ಬೇರೆ ಕೇಸಿನ ವಿಳಾಸ ಕೇಳುವವನಂತೆ ಸಿದ್ದಬಸಪ್ಪ ಅದೂ ಇದೂ ಮಾತಾಡಿಸಿದ. ಆಕೆಗೆ ಮಾತಾಡಲು ಯಾರಾದರೂ ಬೇಕಿತ್ತು. ಮೂರು ವರ್ಷದಿಂದ ಹೀಗೇ. ಮೊದಲು ಮಗ್ಗದ ಮುಂದೆ ಕೂರುತ್ತಿದ್ದಳಂತೆ, ಈಗ ಕಾಲು ಬಾರದು. ನಾಳೆ ರಾತ್ರಿ ಹೈದರಾಬಾದಿಗೆ ಹೊರಡಬೇಕು. ಸೋಮವಾರ ಆಪರೇಷನ್.

"ಹಂದಿದು ಹಾಕ್ತಾರಂತ್ರಿ ನಂಗ. ನಮ್ಮತ್ತಿ ಈಗ್ಲೇ ಹೇಳ್ಯಾಳ, ಅದನ್ನ ಹಾಕಿಸ್ಕೊಂಡು ಬಂದ್ರ ಅಡಿಗಿಮನಿಗೆ ಬರಬ್ಯಾಡ ಅಂತ. ಚಲೋನ ಆತು, ಅಡಿಗಿ ತಪ್ತು ಅಂದೆ."

"ಅಂಜಿಕಿ ಇಲ್ಲೇನಮ್ಮ?"

"ನಮ್ಮ ಗೋವಿಂದ ಅಲ್ಲೇ ಅದಾನಲ್ರಿ, ಹಂದಿ ನೋಡ್ಕೊಳ್ಳೋ ಕಡೆ. ದವಾಖಾನಿಯೋರಿಗೆ ಹೇಳಿಲ್ಲ, ಹೇಳಿದ್ರ ನನ್ನ ಹೆಸರು ತೆಗೀತಾರ ಅಂದ. ನೀವೂ ಹೇಳಬ್ಯಾಡ್ರಿ ಮತ್ತ. ಅವ ಇದ್ಮ್ಯಾಲ ನಂಗ ಅಂಜಿಕಿ ಯಾಕ? ನಾ ಎತ್ತಿ ಆಡಿಸಿದ ಹುಡುಗ ಅವ. ಅಕ್ಕಗ ಕೆಟ್ಟದ್ದು ಕೊಡಸ್ತಾನ?"

ಸಿದ್ದಬಸಪ್ಪ ಎದ್ದ. ಬಾಗಿಲಲ್ಲಿ ಇಡ್ಲಿಯ ಪೊಟ್ಟಣ ಹಿಡಿದು ಗೋವಿಂದ ನಿಂತಿದ್ದ. ಓಡಲಿಲ್ಲ, ಬೆಚ್ಚಲಿಲ್ಲ. ಹತ್ತಿರ ಬಂದಾಗ ತೀರ ಸಣ್ಣ ದನಿಯಲ್ಲಿ ಒಂದೇ ಮಾತು ಹೇಳಿದ.

"ಅಕ್ಕನ ಮುಂದ ಬ್ಯಾಡ್ರಿ. ಮನಿಗೆ ಮುಟ್ಟಿಸಿ ನಾನ ಬರ್ತೀನಿ."

ನಿಯಮದ ಪ್ರಕಾರ ಅಲ್ಲಿಯೇ ಹಿಡಿಯಬೇಕಿತ್ತು. ಸಿದ್ದಬಸಪ್ಪ ಜೀಪಿಗೆ ಹೋಗಿ ಕೂತ. ನಾಲ್ಕೂ ಹತ್ತರ ಬಸ್ಸು ಅಕ್ಕ ತಮ್ಮನನ್ನು ಹತ್ತಿಸಿಕೊಂಡು ಎಮ್ಮಿಗನೂರಿಗೆ ಹೊರಟಿತು. ಅದರ ಹೊಗೆ ಕುಡಿಯುತ್ತ ಹಿಂದೆ ಜೀಪು. ಮಗ್ಗದ ಸದ್ದಿನ ಓಣಿಯಲ್ಲಿ ಗೋವಿಂದ ಅಕ್ಕನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಒಳಗೆ ಬಿಟ್ಟ. ಹತ್ತು ನಿಮಿಷಕ್ಕೆ ಹೊರಗೆ ಬಂದ. ಆರೂ ಇಪ್ಪತ್ತಕ್ಕೆ ಬಂಧನದ ಹಾಳೆಗೆ ಸಹಿ ಹಾಕಿದ. ಅಕ್ಕನಿಗೆ ಏನು ಹೇಳಿದೆ ಎಂದರೆ, "ನೈಟ್ ಡ್ಯೂಟಿ ಐತಿ ಅಂದೆ" ಎಂದ.

ಹೇಳಿಕೆ ತೆಗೆಯಲು ಕಷ್ಟವಾಗಲಿಲ್ಲ. ಹತ್ತು ತಿಂಗಳಿಂದ ಹೇಳಲು ಯಾರೂ ಸಿಗದವನಂತೆ ಹೇಳಿದ.

"ಗಿಣ್ಣ ಅಂದಿದ್ದು ನಿನಗ ಕೇಳಿಸಿತ್ತು."

"ಕೇಳಿಸಿತ್ರಿ."

"ಗಿನ್ನೆ ಅಂತ ಯಾಕ ಬರದಿ?"

"ಮೇಡಂ ಹಾಂಗ ಹೇಳಿ ಬರೆಸಿದ್ರು. ಖರೇ ಹೇಳಿದ್ರ ಶಂಕರಮ್ಮನ ಕೆಲಸ ಹೋಗ್ತಿತ್ತು. ಸುಮ್ನಾದೆ. ಅವತ್ತು ಅಷ್ಟರಿ."

"ಆಮೇಲೆ?"

"ಆಮೇಲೆ ಮೊದಲನೇ ತಿಂಗಳ ರಕ್ತ ತೆಗಿಯೋದ್ರೊಳಗ ನಾಕು ಮರಿ ಸತ್ವು. ರೋಗಿ ಲಿಸ್ಟಿನಾಗ ಇಬ್ರು. ಮೊದಲನೇದು ಯಾರೋ ವಿಜಯವಾಡದೋರು. ಎರಡನೇದು ನಮ್ಮಕ್ಕ. ದವಾಖಾನಿಯೋರು ಆಕಿಗೆ ಕೊಟ್ಟ ನಂಬರು, ಇಲ್ಲಿ ಲಿಸ್ಟಿನ ನಂಬರು ಒಂದೇ ಇತ್ತು. ಹದಿನಾಲ್ಕು ಕೆಟ್ಟೈತಿ ಅಂತ ಗೊತ್ತಾದ್ರ ಉಳಿಯೋದು ಒಂದೇ ಹಂದಿ. ಅದು ಮೊದಲನೇಯವರಿಗೆ ಹೋಗ್ತೈತಿ. ಅಕ್ಕನ ಪಾಳಿ ತಪ್ತೈತಿ. ಅದಕ್ಕ ಒಂಬತ್ತರ ರಕ್ತಾನ ಎರಡು ಶೀಶೆಗೆ ಹಾಕಿದೆ. ವಾಗೀಶಗ ಏನೂ ಗೊತ್ತಿಲ್ರಿ."

"ಹದಿನಾಲ್ಕು ಆ ವಿಜಯವಾಡದವರಿಗೆ ಹೋಗಲಿ ಅಂತ ನಿನ್ನ ಲೆಕ್ಕ."

ಹೇಮಾವತಿ ನೀರಿನ ಲೋಟ ಸರಿಸಿದಳು. ಗೋವಿಂದ ಮುಟ್ಟಲಿಲ್ಲ.

"ಹೌದ್ರಿ" ಎಂದ ಕೊನೆಗೆ. "ಅವರು ಯಾರೋ ಏನೋ. ನಾ ಅವರ ಮುಖ ಕಂಡಿಲ್ಲ. ಆದ್ರ ಜುಲೈದಾಗ ಅವರಿಗೆ ಮನುಷ್ಯಾರ ಕಿಡ್ನಿನ ಸಿಕ್ಕು ಲಿಸ್ಟ್ ಬಿಟ್ರು. ಅಕ್ಕನ ಮೊದಲಾದ್ಲು. ಎರಡೂ ಹೊಂದತಾವ, ಹದಿನಾಲ್ಕು ತೂಕ ಚಲೋ ಐತಿ ಅಂತ ಅದನ್ನ ಆರಿಸಿದ್ರು."

"ಆಗಾದ್ರೂ ಹೇಳಬೇಕಾಗಿತ್ತಲ್ಲೋ!" ಸಿದ್ದಬಸಪ್ಪನ ದನಿ ಏರಿತು. ಇಡೀ ದಿನದಲ್ಲಿ ಅವನಿಗೆ ಸಿಟ್ಟು ಬಂದದ್ದು ಅದೊಂದೇ ಸಲ. "ನಿನ್ನ ಒಡಹುಟ್ಟಿದಾಕಿ ಅಲ್ಲೇನು?"

"ರಕ್ತ ಬದ್ಲಿ ಮಾಡಿದ್ದು ಗೊತ್ತಾದ್ರ ಎರಡೂ ಹಂದಿ ತೆಗೀತಾರ. ರೂಲ್ ಹಾಂಗೈತಿ. ಹೇಳಿದ್ರ ಅಕ್ಕ ಉಳ್ಯಾಂಗಿಲ್ಲ, ಸುಮ್ನಿದ್ರ ಉಳಿದ್ರೂ ಉಳೀಬಹುದು. ಒಂದು ಅಂಗೈ ಗಿಣ್ಣದಾಗ ಏನಿರ್ತೈತಿ ಅಂದ್ಕೊಂಡೆ. ದಿನಾ ಹಾಂಗ ಅಂದ್ಕೊಂಡು ಮಲಗಿದೆ. ನಿದ್ದಿ ಮಾತ್ರ ಬರಲಿಲ್ರಿ."

ಶನಿವಾರ ಮಧ್ಯಾಹ್ನ ಮೂರೂವರೆಗೆ ಹೈದರಾಬಾದಿನ ವರದಿ ಬಂತು. ಅಶ್ವಿನಿ ಫೋನಿನಲ್ಲಿ ಓದಿ ಹೇಳಿದಳು. ಹದಿನಾಲ್ಕರ ರಕ್ತದಲ್ಲಿ ವೈರಸ್ಸು ಇತ್ತು. ಒಂದು ಅಂಗೈ ಗಿಣ್ಣದಲ್ಲಿ ಬಂದದ್ದು. ಅದನ್ನು ಸೋಮವಾರ ಜೋಡಿಸಿದ್ದರೆ ಆಕೆ ದಸರೆ ದೀಪಾವಳಿ ದಾಟುವುದು ಅನುಮಾನವಿತ್ತು ಎಂದಳು. ಒಂಬತ್ತರ ರಕ್ತ ಶುದ್ಧ. ಹಳೆಯ ಶೀಶೆಗಳೂ ಗೋವಿಂದ ಹೇಳಿದಂತೆಯೇ ತಾಳೆಯಾದವು. ಐದಕ್ಕೆ ಸಮಿತಿ ಕೂತಿತು. ಶಂಕರಮ್ಮನ ಹೆಬ್ಬೆಟ್ಟಿನ ಹೇಳಿಕೆ, ಗೋವಿಂದನ ಹೇಳಿಕೆ, ಗಾಜಿನ ಈಚೆಯ ಪಂಚನಾಮೆ, ಮೂರನ್ನೂ ತೆಲುಗಿಗೆ ತಿರುಗಿಸಿ ಓದಿದರು. ಐದೂ ಮುಕ್ಕಾಲಿಗೆ ಒಂಬತ್ತಕ್ಕೆ ಒಪ್ಪಿಗೆ ಸಿಕ್ಕಿತು.

ಆ ಹೊತ್ತಿಗೆ ಜೀಪು ಮ್ಯಾಜಿಸ್ಟ್ರೇಟರ ಮನೆಯ ಮುಂದೆ ನಿಂತಿತ್ತು. ಫೋನು ಜೇಬಿಗಿಟ್ಟುಕೊಂಡು ಸಿದ್ದಬಸಪ್ಪ ಹಿಂದಿನ ಸೀಟಿಗೆ ತಿರುಗಿದ.

"ನಿಮ್ಮಕ್ಕಗ ಒಂಬತ್ತು ಹಾಕ್ತಾರ."

ಗೋವಿಂದ ಬೇಡಿ ಹಾಕಿದ ಕೈಯಲ್ಲೇ ಮುಖ ಒರೆಸಿಕೊಂಡ. ಮರುಗಳಿಗೆಯಲ್ಲೇ ಅವನೊಳಗಿನ ತಂತ್ರಜ್ಞ ಎದ್ದ. "ಒಂಬತ್ತು ಆಕಿಗೆ ಹೊಂದತೈತ್ರಿ? ಹೊಸದಾಗಿ ಪರೀಕ್ಷಾ ಮಾಡಾಕ ಸೋಮವಾರದೊಳಗ ಟೈಮ್ ಸಾಲಾಂಗಿಲ್ಲಲ್ರಿ?"

"ಹೊಸದಾಗಿ ಮಾಡೋದೇನಿಲ್ಲ. ಎರಡೂ ಹೊಂದತಾವ ಅಂದಿದ್ರಲ್ಲ, ಅದನ್ನ ನೋಡಾಕ ನೀನು ಹದಿನಾಲ್ಕು ಅಂತ ಬರೆದು ಕಳಿಸಿದ್ದು ಯಾರ ರಕ್ತ?"

"ಒಂಬತ್ತರದ್ರಿ" ಎಂದ ಗೋವಿಂದ.

"ಆಕಿಗೆ ಹೊಂದಿದ್ದು ಮೊದಲಿಂದ್ಲೂ ಒಂಬತ್ತೇ. ಹದಿನಾಲ್ಕು ಕೆಟ್ಟೈತಿ ಅಂತ ನೀ ಅವತ್ತೇ ಹೇಳಿಬಿಟ್ಟಿದ್ರ ಹದಿನಾಲ್ಕು ಹೋಗ್ತಿತ್ತು, ಒಂಬತ್ತು ಉಳೀತಿತ್ತು. ಆ ವಿಜಯವಾಡದವರು ಹೆಂಗೂ ಬಿಟ್ಟು ಹೋದ್ರು. ಒಂಬತ್ತು ನಿಮ್ಮಕ್ಕಗ ಬರ್ತಿತ್ತು. ನೀನೂ ಆಕಿ ಜೋಡಿ ಇವತ್ತು ಹೈದರಾಬಾದ್ ಬಂಡಿ ಹತ್ತತಿದ್ದಿ."

ಗೋವಿಂದ ಮೊಣಕಾಲ ಮೇಲೆ ಹಣೆಯಿಟ್ಟು ಅತ್ತ. ಗಂಡಸರು ಅಳುವಾಗ ತಿರುಗಿ ಕೂರುವ ಪಕೀರಪ್ಪ ಈ ಸಲ ತಿರುಗದೆ ಅವನ ಬೆನ್ನ ಮೇಲೆ ಕೈಯಿಟ್ಟ. ಸಾಹೇಬರು ಒಳಗೆ ಕರೆದರು ಎಂದು ಹೇಮಾವತಿ ಬಂದು ಹೇಳುವವರೆಗೂ ಅದನ್ನು ತೆಗೆಯಲಿಲ್ಲ.

ಏಳೂವರೆಗೆ ಠಾಣೆಗೆ ಮರಳಿ ಸಿದ್ದಬಸಪ್ಪ ಕೇಸ್ ಡೈರಿ ಮುಗಿಸಿದ. ಬರೆಯುತ್ತಿರುವಾಗ ಮಹೇಶ್ವರಿಯ ಫೋನು ಬಂತು. ಹಂದಿ ಅರಮನೆಗೆ ಹತ್ತಿರದ ಠಾಣೆ ಇದೆಂದು ಊರಿನಲ್ಲಿ ಯಾರೋ ನಂಬರು ಕೊಟ್ಟಿದ್ದರಂತೆ. ತಮ್ಮನ ಮೊಬೈಲು ಹತ್ತುತ್ತಿಲ್ಲ, ಗಾಡಿ ಬಂದು ನಿಂತಿದೆ, ಹೊರಡುವ ಮೊದಲು ಅವನಿಗೊಂದು ಮಾತು ಹೇಳಬೇಕಿತ್ತು ಎಂದಳು.

"ಡ್ಯೂಟಿ ಮ್ಯಾಲ ಅದಾನಮ್ಮ" ಎಂದ ಸಿದ್ದಬಸಪ್ಪ. "ಅಲ್ಲಿ ಫೋನ್ ಬಿಡಾಂಗಿಲ್ಲ. ನೀವು ಹೋಗಿ ಬರ್ರಿ."

"ಊಟ ಮಾಡು ಅಂತ ಹೇಳ್ರಿ ಅವಂಗ. ನಾಕು ದಿನದಿಂದ ಬರೋಬ್ಬರಿ ಉಂಡಿಲ್ಲ ಹುಡುಗ."

"ಹೇಳ್ತೀನಮ್ಮ."

ಫೋನಿಟ್ಟು, ಅಪರಾಧದ ಉದ್ದೇಶ ಎಂಬ ಕಾಲಂನ ಮುಂದೆ ಪೆನ್ನು ಹಿಡಿದು ಕೂತ. 'ಅಕ್ಕನ ಪಾಳಿ ತಪ್ಪಬಾರದೆಂದು' ಎಂದು ಬರೆದ. ಸಹಿ ಹಾಕಿ, ವೇಳೆ ನಮೂದಿಸಿ, ಬಗ್ಗಿ ಬೂಟಿನ ಲೇಸು ಬಿಚ್ಚಿದ. ಆಮೇಲೆ ಸಬ್ ಜೈಲಿಗೆ ಫೋನ್ ಮಾಡಿ, ಇವತ್ತು ಬಂದ ಹುಡುಗ ಊಟ ಮಾಡಿದನೋ ಇಲ್ಲವೋ ನೋಡಿ ಹೇಳಿರಿ ಎಂದು ಕೇಳಿದ.